ಹಂಗಾಮು ಶುರುವಾಗುವ ಹಿಂದಿನ ದಿನ ನಾನು ಐಫೋನ್‌ಗೆ ಬದಲಾದೆ: ನೀವು ಹಾಗೆ ಮಾಡಬೇಡಿ

ಆ್ಯಂಡ್ರಾಯ್ಡ್ ಬಿಟ್ಟು ಐಫೋನ್ ಕೊಳ್ಳಬೇಕೆಂದು ಯೋಚಿಸುತ್ತಿರುವವರಿಗೆ, ಅದರಲ್ಲೂ ವ್ಯಾಪಾರದ ಹಣವನ್ನೂ ಲೆಕ್ಕವನ್ನೂ ಒಂದೇ ಫೋನಿನಲ್ಲಿ ನಡೆಸುತ್ತಿರುವ ನಮ್ಮ ಕರಾವಳಿಯ ಸಣ್ಣ ವ್ಯಾಪಾರಸ್ಥರಿಗೆ ಇದನ್ನು ಬರೆಯುತ್ತಿದ್ದೇನೆ. ಕಳೆದ ಆಗಸ್ಟ್ ಮೊದಲ ವಾರದಲ್ಲಿ ನನಗಾದ ನಷ್ಟದ ಬಹುಪಾಲು, ಯಾರಾದರೂ ಮುಂಚಿತವಾಗಿ ನಾಲ್ಕು ಮಾತು ಹೇಳಿದ್ದರೆ ತಪ್ಪುತ್ತಿತ್ತು.

ನಾನು ಮತ್ತು ನನ್ನ ಅಣ್ಣ ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳಿಂದ ಮೀನು ಕೊಂಡು, ಐಸ್ ತುಂಬಿ, ಮಡಗಾಂವ ಮತ್ತು ಹುಬ್ಬಳ್ಳಿಯ ಖರೀದಿದಾರರಿಗೆ ಕಳುಹಿಸುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಆ ಎರಡು ತಿಂಗಳು ನಮಗೂ ಕೆಲಸವಿರುವುದಿಲ್ಲ. ಆಗಸ್ಟ್ ಬಂದು ಸಮುದ್ರ ಅನುಕೂಲವಾಗಿದ್ದರೆ ಮೊದಲ ದಿನಗಳಲ್ಲಿಯೇ ಸಿಗಡಿ, ಅಂದರೆ ನಾವು ಶೆಟ್ಲಿ ಎನ್ನುವುದು, ಚೆನ್ನಾಗಿ ಬೀಳುತ್ತದೆ. ವರ್ಷದ ಒಳ್ಳೆಯ ಗಳಿಕೆಯ ದಿನಗಳಲ್ಲಿ ಇವೂ ಸೇರಿವೆ. ಹಣ ಕೊಡುವುದು ಬಂದರಿನಲ್ಲಿಯೇ, ಮೀನು ತೂಗಿದ ತಕ್ಷಣ. ಕೆಲವು ವರ್ಷಗಳಿಂದ ಅದೆಲ್ಲ ಯುಪಿಐ ಮೂಲಕವೇ ನಡೆಯುತ್ತಿದೆ. ತೂಕದ ಚೀಟಿಯ ಫೋಟೊ, ದರದ ಒಪ್ಪಂದ, ಯಾರು ಎಷ್ಟು ಬಾಕಿ ಎಂಬುದೆಲ್ಲ ನನ್ನ ವಾಟ್ಸ್‌ಆ್ಯಪ್‌ನಲ್ಲಿತ್ತು. ಅಣ್ಣ ಒಂದು ನೋಟ್‌ಬುಕ್ ಇಟ್ಟಿದ್ದರೂ ಅದರಲ್ಲಿ ಒಟ್ಟು ಮೊತ್ತವನ್ನಷ್ಟೇ ಬರೆಯುತ್ತಿದ್ದನು.

ಬದಲಾಯಿಸುವ ಯೋಚನೆ ಬಂದದ್ದು ಶೋಕಿಗಾಗಿ ಅಲ್ಲ. ನನ್ನ ಹಳೆಯ ಫೋನಿಗೆ ಸುರಕ್ಷತೆಯ ಅಪ್‌ಡೇಟ್‌ಗಳು ಬರುವುದು ನಿಂತು ವರ್ಷ ದಾಟಿತ್ತು, ಬ್ಯಾಂಕಿನ ವ್ಯವಹಾರವೆಲ್ಲ ಅದರಲ್ಲಿಯೇ ಇರುವಾಗ ಅದು ನನಗೆ ಆತಂಕ ತಂದಿತ್ತು. ಐಫೋನ್‌ಗಳಿಗೆ ಹಲವು ವರ್ಷ ಅಪ್‌ಡೇಟ್ ಬರುತ್ತದೆ ಎಂಬುದು ನಿಜ. ಆದರೆ 2023ರ ಪಿಕ್ಸೆಲ್ 8ರಿಂದ ಗೂಗಲ್, 2024ರ ಗ್ಯಾಲಕ್ಸಿ ಎಸ್24ರಿಂದ ಸ್ಯಾಮ್‌ಸಂಗ್ ಕೂಡ ತಮ್ಮ ಮೇಲ್ದರ್ಜೆಯ ಫೋನ್‌ಗಳಿಗೆ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿವೆ ಎಂಬುದು ನನಗೆ ಆಮೇಲೆ ತಿಳಿಯಿತು. ನನ್ನ ಅಗತ್ಯ ಅದೊಂದೇ ಆಗಿದ್ದರಿಂದ, ಆ್ಯಂಡ್ರಾಯ್ಡ್‌ನಲ್ಲಿಯೇ ಉಳಿದು ಅದನ್ನು ಪೂರೈಸಿಕೊಳ್ಳಬಹುದಿತ್ತು. ನಾನು ಕೊಂಡದ್ದು ಜುಲೈ 31ರ ಸಂಜೆ, ಪೇಟೆಯ ಒಂದು ಅಂಗಡಿಯಲ್ಲಿ. ನಿಷೇಧದ ಎರಡು ತಿಂಗಳು ಕೈಯಲ್ಲಿ ಸಮಯವಿದ್ದಾಗ ಮಾಡದೆ, ಹಂಗಾಮಿನ ಹಿಂದಿನ ದಿನ ಈ ಕೆಲಸಕ್ಕೆ ಹೋದದ್ದು ನನ್ನದೇ ತಪ್ಪು.

ಮೊದಲ ತೊಡಕು ಸಿಮ್‌ನದು. ನನ್ನ ಹಳೆಯ ಫೋನಿನಲ್ಲಿ ಎರಡು ಸಿಮ್ ಕಾರ್ಡ್‌ಗಳಿದ್ದವು: ಒಂದು ಬ್ಯಾಂಕಿಗೆ ಜೋಡಿಸಿದ ನಂಬರಿನದು, ಇನ್ನೊಂದು ಮನೆಯವರಿಗೂ ಲಾರಿಯವರಿಗೂ ಕೊಟ್ಟ ನಂಬರಿನದು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಐಫೋನ್‌ಗಳಲ್ಲಿ ಸಿಮ್ ಕಾರ್ಡ್‌ಗೆ ಒಂದೇ ಜಾಗವಿದೆ. ಎರಡನೆಯ ನಂಬರು ಬೇಕಾದರೆ ಅದನ್ನು ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್ ಆಗಿ ಪರಿವರ್ತಿಸಬೇಕು. ಅಂಗಡಿಯ ಹುಡುಗ ಯಾವುದನ್ನು ಪರಿವರ್ತಿಸಲಿ ಎಂದು ಕೇಳದೆ, ಕೈಗೆ ಮೊದಲು ಸಿಕ್ಕಿದ ನಂಬರನ್ನು ಇ-ಸಿಮ್ ಮಾಡಿಸಿದನು. ಅದು ಬ್ಯಾಂಕಿನ ನಂಬರಾಗಿತ್ತು.

ಸಿಮ್ ಬದಲಾಯಿಸಿದ ಮೇಲೆ ಮೊದಲ 24 ಗಂಟೆ ಆ ನಂಬರಿಗೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಅದರಿಂದ ಹೋಗುವುದೂ ಇಲ್ಲ. ಇದು ದೂರಸಂಪರ್ಕ ಇಲಾಖೆಯ ನಿಯಮ. ಬೇರೆಯವರು ಮೋಸದಿಂದ ನಮ್ಮ ನಂಬರಿನ ಸಿಮ್ ಪಡೆದು ಹಣ ಎಳೆಯಬಾರದೆಂದು ಈ ತಡೆ ಇಟ್ಟಿದ್ದಾರೆ, ಮತ್ತು ಅದು ಸರಿಯಾದದ್ದೇ. ಕಾರ್ಡನ್ನು ಇ-ಸಿಮ್‌ಗೆ ಬದಲಾಯಿಸಿದಾಗಲೂ ಈ ತಡೆ ಅನ್ವಯಿಸುತ್ತದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಹೊಸ ಫೋನಿನಲ್ಲಿ ಯುಪಿಐ ಶುರುಮಾಡಬೇಕಾದರೆ, ಬ್ಯಾಂಕಿಗೆ ಜೋಡಿಸಿದ ನಂಬರಿನಿಂದ, ಅದೇ ಫೋನಿನಿಂದ, ಒಂದು ಎಸ್ಸೆಮ್ಮೆಸ್ ಹೊರಗೆ ಹೋಗಲೇಬೇಕು. ಆ ಎಸ್ಸೆಮ್ಮೆಸ್ ಹೋಗದೆ ನೋಂದಣಿ ಆಗುವುದಿಲ್ಲ. ಕರೆ ಬರುತ್ತಿತ್ತು, ಇಂಟರ್ನೆಟ್ ನಡೆಯುತ್ತಿತ್ತು. ಆದ್ದರಿಂದ ತೊಂದರೆ ಎಲ್ಲಿದೆ ಎಂದು ತಿಳಿಯದೆ, ಆಗಸ್ಟ್ 1ರ ಇಡೀ ಹಗಲು ನಾನು ಆ್ಯಪ್ ತೆಗೆದು ಹಾಕಿ, ಮತ್ತೆ ಇಳಿಸಿಕೊಂಡು, ಫೋನ್ ಆರಿಸಿ ಹಚ್ಚಿ ಕಳೆದೆ.

ಆ ಸಂಜೆ ದೋಣಿಗಳು ಶೆಟ್ಲಿ ತುಂಬಿಕೊಂಡು ಬಂದವು. ನನ್ನ ಖಾತೆಯಲ್ಲಿ ಹಣವಿತ್ತು, ಕೊಡುವ ದಾರಿ ಇರಲಿಲ್ಲ. ಎಟಿಎಂನಿಂದ ನನ್ನ ಕಾರ್ಡಿಗಿದ್ದ ದಿನದ ಮಿತಿಯಾದ 25,000 ರೂಪಾಯಿಯನ್ನು ತೆಗೆದು ತಂದೆ. ಒಂದು ದೋಣಿಯ ಮಾಲಿಗೂ ಅದು ಸಾಲಲಿಲ್ಲ. ವರ್ಷಗಳಿಂದ ಪರಿಚಯವಿದ್ದ ಒಬ್ಬ ತಾಂಡೇಲರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು, ‘ನಾಡಿದ್ದು ಕೊಡು ತಮಾ, ನೀನೆಲ್ಲಿ ಓಡಿಹೋಗ್ತೆ’ ಎಂದು ಹೇಳಿ ನಾಲ್ಕು ಬುಟ್ಟಿ ಕೊಟ್ಟರು. ಅವರ ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಉಳಿದ ಮಾಲು ನಮ್ಮ ಕಣ್ಣೆದುರಿಗೆ ಬೇರೆಯವರ ಲಾರಿಗೆ ಏರಿತು.

ಮರುದಿನ ಎಸ್ಸೆಮ್ಮೆಸ್ ಹೋಗತೊಡಗಿ, ಯುಪಿಐ ನೋಂದಣಿಯೂ ಆಯಿತು. ಇನ್ನು ಎಲ್ಲ ಸರಿಹೋಯಿತೆಂದುಕೊಂಡು 42,000 ರೂಪಾಯಿ ಕಳುಹಿಸಲು ನೋಡಿದರೆ, ಮಿತಿ ಮೀರಿದೆ ಎಂದು ಬಂತು. ಫೋನ್ ಬದಲಾಯಿಸಿದವರಿಗೆ ಯುಪಿಐನಲ್ಲಿ ಮೊದಲಿಗೆ 5,000 ರೂಪಾಯಿಯ ಮಿತಿ ಇರುತ್ತದೆ, ಆ್ಯಂಡ್ರಾಯ್ಡ್‌ಗೆ ಅದು 24 ಗಂಟೆ, ಐಫೋನ್‌ಗೆ 72 ಗಂಟೆ ಎಂದು ನನ್ನ ಬ್ಯಾಂಕಿನ ಶಾಖೆಯಲ್ಲಿ ತಿಳಿಸಿದರು. ಒಂದೇ ಬ್ಯಾಂಕು, ಒಂದೇ ಖಾತೆ, ಒಂದೇ ನಂಬರು. ಫೋನಿನ ಜಾತಿ ಬೇರೆಯಾದ ಮಾತ್ರಕ್ಕೆ ಇನ್ನೂ ಎರಡು ದಿನ ಹೆಚ್ಚು ಕಾಯಬೇಕಾಯಿತು. ಹೀಗೆ ಸಿಮ್‌ನ ಒಂದು ದಿನ, ಆಮೇಲೆ ಯುಪಿಐನ ಮೂರು ದಿನ ಸೇರಿ, ಹಂಗಾಮಿನ ಮೊದಲ ನಾಲ್ಕು ದಿನಗಳಲ್ಲಿ ನಾವು ಸಾಲ ಮತ್ತು ಎಟಿಎಂ ನಂಬಿ ವ್ಯಾಪಾರ ಮಾಡಬೇಕಾಯಿತು. ಬ್ಯಾಂಕಿನ ನಂಬರಿನ ಕಾರ್ಡನ್ನು ಹಾಗೆಯೇ ಹೊಸ ಫೋನಿಗೆ ಹಾಕಿ, ಇನ್ನೊಂದು ನಂಬರನ್ನು ಇ-ಸಿಮ್ ಮಾಡಿದ್ದರೆ ಮೊದಲ ದಿನ ಉಳಿಯುತ್ತಿತ್ತು. ಜುಲೈ ಮಧ್ಯದಲ್ಲಿ ಮಾಡಿದ್ದರೆ ನಾಲ್ಕೂ ದಿನ ಉಳಿಯುತ್ತಿದ್ದವು.

ಹಣದ ತೊಂದರೆ ಆಗಸ್ಟ್ 5ರ ಹೊತ್ತಿಗೆ ಮುಗಿಯಿತು. ಲೆಕ್ಕದ ತೊಂದರೆ ಇನ್ನೂ ಮುಗಿದಿಲ್ಲ, ಅದನ್ನೇ ಸ್ವಲ್ಪ ವಿವರವಾಗಿ ಹೇಳಬೇಕು.

ಅಂಗಡಿಯವರು ಐಫೋನನ್ನು ಹೊಸ ಫೋನಾಗಿ ತೆರೆದು, ಗೂಗಲ್ ಖಾತೆಯನ್ನು ಸೇರಿಸಿ, ಫೋನ್ ನಂಬರುಗಳೆಲ್ಲ ಬಂದವೆಂದು ತೋರಿಸಿದರು. ವಾಟ್ಸ್‌ಆ್ಯಪ್ ಇಳಿಸಿ, ಕರೆಯ ಮೂಲಕ ಕೋಡ್ ಪಡೆದು ತೆರೆದರು. ಗುಂಪುಗಳ ಹೆಸರು ಕಾಣಿಸಿತು. ಒಳಗೆ ಒಂದು ಸಂದೇಶವೂ ಇರಲಿಲ್ಲ. ಬ್ಯಾಕಪ್ ಇದೆಯಲ್ಲ, ರಾತ್ರಿಯೊಳಗೆ ತಾನಾಗಿ ಬರುತ್ತದೆ ಎಂದರು. ನಾನು ಆ ಮಾತನ್ನು ನಂಬಿ, ಎಕ್ಸ್‌ಚೇಂಜ್‌ನ 7,500 ರೂಪಾಯಿಗಾಗಿ ಹಳೆಯ ಫೋನನ್ನು ಕೊಟ್ಟೆ. ನನ್ನ ಎದುರಿಗೇ ಅದನ್ನು ಪೂರ್ತಿ ಅಳಿಸಿದರು.

ತಾನಾಗಿ ಏನೂ ಬರುವುದಿಲ್ಲ. ಆ್ಯಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ತನ್ನ ಬ್ಯಾಕಪ್ಪನ್ನು ಗೂಗಲ್ ಖಾತೆಯಲ್ಲಿ ಇಡುತ್ತದೆ, ಐಫೋನ್‌ನದು ಆ್ಯಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್‌ನಲ್ಲಿ ಇಡುತ್ತದೆ, ಮತ್ತು ಒಂದರದನ್ನು ಇನ್ನೊಂದು ಓದುವುದಿಲ್ಲ. ದಾಟಿಸಲು ಇರುವ ಅಧಿಕೃತ ದಾರಿ ಆ್ಯಪಲ್‌ನ ‘ಮೂವ್ ಟು ಐಓಎಸ್’ ಎಂಬ ಆ್ಯಪ್. 2022ರಿಂದ ಅದರ ಮೂಲಕ ವಾಟ್ಸ್‌ಆ್ಯಪ್ ಸಂದೇಶಗಳನ್ನೂ ಸಾಗಿಸಬಹುದು. ಅದನ್ನು ಹಳೆಯ ಫೋನಿನಲ್ಲಿ ಹಾಕಿ, ಐಫೋನನ್ನು ಮೊದಲ ಸಲ ತೆರೆಯುವ ಹೊತ್ತಿನಲ್ಲಿಯೇ ಈ ಕೆಲಸ ಮಾಡಬೇಕು. ಎರಡೂ ಫೋನುಗಳನ್ನು ಚಾರ್ಜಿಗೆ ಹಾಕಿ, ಹತ್ತಿರ ಇಟ್ಟು, ಮುಗಿಯುವವರೆಗೆ ಮುಟ್ಟದೆ ಬಿಡಬೇಕು. ಐಫೋನ್ ಒಮ್ಮೆ ತೆರೆದಾಗಿದ್ದರೆ ಅದನ್ನು ಪೂರ್ತಿ ಅಳಿಸಿ ಮೊದಲಿನಿಂದ ಶುರುಮಾಡಬೇಕು. ಅಂದರೆ ಅಂಗಡಿಯ ಮೇಜಿನ ಮೇಲೆ ಹದಿನೈದು ನಿಮಿಷದಲ್ಲಿ ಮುಗಿಸುವ ಕೆಲಸ ಇದಲ್ಲ. ಸಾವಿರಾರು ಫೋಟೊಗಳಿದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ.

ಹಳೆಯ ಫೋನ್ ಕೈಬಿಟ್ಟು ಹೋಗಿದ್ದರೂ ಒಂದು ದಾರಿ ಉಳಿದಿರುತ್ತದೆ, ನನ್ನಂತೆ ಸಿಕ್ಕಿಹಾಕಿಕೊಂಡವರು ಇದನ್ನು ಗಮನಿಸಬೇಕು. ಅಂಕೋಲೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಮ್ಮ ಭಾವ ಇದನ್ನು ಹೇಳಿಕೊಟ್ಟರು. ಬೇರೆ ಯಾರದಾದರೂ ಆ್ಯಂಡ್ರಾಯ್ಡ್ ಫೋನ್ ಕೇಳಿ ತಂದು, ಅದರಲ್ಲಿ ನಮ್ಮ ಗೂಗಲ್ ಖಾತೆಯನ್ನು ಸೇರಿಸಿ, ನಮ್ಮದೇ ನಂಬರಿನಿಂದ ವಾಟ್ಸ್‌ಆ್ಯಪ್ ತೆರೆದು, ಗೂಗಲ್‌ನಲ್ಲಿರುವ ಬ್ಯಾಕಪ್ಪನ್ನು ಮೊದಲು ಅಲ್ಲಿಗೆ ಇಳಿಸಿಕೊಳ್ಳಬೇಕು. ಆಮೇಲೆ ಐಫೋನನ್ನು ಅಳಿಸಿ, ಆ ಫೋನಿನಿಂದ ‘ಮೂವ್ ಟು ಐಓಎಸ್’ ಮೂಲಕ ದಾಟಿಸಬೇಕು. ಐಫೋನ್ ಅಳಿಸುವಾಗ ಇ-ಸಿಮ್ ಉಳಿಸಬೇಕೇ, ತೆಗೆಯಬೇಕೇ ಎಂದು ಕೇಳುತ್ತದೆ. ಅಲ್ಲಿ ಉಳಿಸುವುದನ್ನೇ ಆರಿಸಬೇಕು. ಅವಸರದಲ್ಲಿ ತೆಗೆದುಬಿಟ್ಟರೆ ಸಿಮ್‌ಗಾಗಿ ಮತ್ತೆ ಅರ್ಜಿ ಹಾಕಿ, ಎಸ್ಸೆಮ್ಮೆಸ್‌ಗಾಗಿ ಮತ್ತೆ ಕಾಯಬೇಕಾಗುತ್ತದೆ. ಫೋನ್ ಅಳಿಸಿದ ಮೇಲೆ ಯುಪಿಐಯನ್ನು ಹೊಸದಾಗಿ ನೋಂದಾಯಿಸಬೇಕಾಗುತ್ತದೆ, ಆದ್ದರಿಂದ ಈ ಕೆಲಸವನ್ನು ವ್ಯಾಪಾರ ಕಡಿಮೆ ಇರುವ ದಿನಗಳಿಗೆ ಇಟ್ಟುಕೊಳ್ಳಿ. ನಾವು ಗಾಳಿಮಳೆಗೆ ದೋಣಿಗಳು ನಿಂತ ನಾಲ್ಕು ದಿನ ನೋಡಿಕೊಂಡು ಮಾಡಿದೆವು.

ನನ್ನ ಬ್ಯಾಕಪ್ ಸಿಕ್ಕಿತು, ಆದರೆ ಅದರ ತಾರೀಖು ಏಪ್ರಿಲ್ ಮೊದಲ ವಾರದ್ದಾಗಿತ್ತು. ಗೂಗಲ್ ಖಾತೆಯ ಉಚಿತ ಜಾಗ 15 ಜಿಬಿ. ಹಿಂದೆ ವಾಟ್ಸ್‌ಆ್ಯಪ್ ಬ್ಯಾಕಪ್ಪನ್ನು ಆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, 2024ರಲ್ಲಿ ಹಿಡಿಯತೊಡಗಿದರು. ನನ್ನ ಜಾಗ ತುಂಬಿ, ಏಪ್ರಿಲ್‌ನಿಂದ ಬ್ಯಾಕಪ್ ನಿಂತೇ ಹೋಗಿತ್ತು. ಅದರ ಸೂಚನೆಯೂ ಬರುತ್ತಿತ್ತು, ನಾನು ಪ್ರತಿಸಲವೂ ಅದನ್ನು ಸರಿಸಿಬಿಡುತ್ತಿದ್ದೆ. ಏಪ್ರಿಲ್ ಮತ್ತು ಮೇ ತಿಂಗಳ ಚೀಟಿಗಳು, ನಿಷೇಧಕ್ಕೆ ಮುಂಚಿನ ಕೊನೆಯ ವ್ಯವಹಾರಗಳು, ಹೀಗೆ ಹೋದವು. ದಯವಿಟ್ಟು ಇವತ್ತೇ ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಚಾಟ್ ಬ್ಯಾಕಪ್ ಎಂಬಲ್ಲಿ ಕೊನೆಯ ತಾರೀಖು ಯಾವುದೆಂದು ನೋಡಿ. ಐಕ್ಲೌಡ್‌ನ ಉಚಿತ ಜಾಗ 5 ಜಿಬಿ ಮಾತ್ರವಾದ್ದರಿಂದ, ಬದಲಾದ ಮೇಲೆ ಈ ಸಮಸ್ಯೆ ಇನ್ನೂ ಬೇಗ ಎದುರಾಗುತ್ತದೆ. ನಾನು ಈಗ ತಿಂಗಳಿಗೆ ಹಣ ಕೊಟ್ಟು ಹೆಚ್ಚು ಜಾಗ ಪಡೆದಿದ್ದೇನೆ.

ಇನ್ನೊಂದು ಪೆಟ್ಟು ನಾನು ಎಣಿಸಿಯೇ ಇರಲಿಲ್ಲ. ಲಾರಿಯವರಿಗೆ ಚೀಟಿ ಕೊಡಲು ನಮ್ಮಲ್ಲಿ ಅಂಗೈಯಗಲದ ಬ್ಲೂಟೂತ್ ಪ್ರಿಂಟರ್ ಒಂದಿದೆ. ಹಳೆಯ ಫೋನಿನ ಜೊತೆ ಎರಡು ವರ್ಷ ನಡೆದ ಅದು ಐಫೋನ್‌ಗೆ ಜೋಡಣೆಯೇ ಆಗಲಿಲ್ಲ. ಹಳೆಯ ಬಗೆಯ ಬ್ಲೂಟೂತ್‌ನಲ್ಲಿ ಕೆಲಸ ಮಾಡುವ ಇಂಥ ಪ್ರಿಂಟರ್‌ಗಳು ಆ್ಯಪಲ್‌ನ ಅನುಮತಿ ಪಡೆದು ತಯಾರಾಗಿರದಿದ್ದರೆ ಐಫೋನ್‌ನ ಆ್ಯಪ್‌ಗಳೊಂದಿಗೆ ಮಾತಾಡುವುದಿಲ್ಲ. ಕಡಿಮೆ ವಿದ್ಯುತ್ತಿನ ಹೊಸ ಬಗೆಯ ಬ್ಲೂಟೂತ್ ಇರುವವು ನಡೆಯುತ್ತವೆ. ನಮ್ಮ ಬಿಲ್ಲಿನ ಆ್ಯಪ್ ಕೂಡ ಅದನ್ನು ಮಾಡಿದವರು ನೇರವಾಗಿ ಕಳುಹಿಸಿದ ಫೈಲಿನಿಂದ ಹಾಕಿಕೊಂಡದ್ದಾಗಿತ್ತು. ಆ ಫೈಲು ಐಫೋನ್‌ನಲ್ಲಿ ತೆರೆಯುವುದೇ ಇಲ್ಲ. ತೂಕದ ಯಂತ್ರ, ಪ್ರಿಂಟರ್, ಸಿಸಿಟಿವಿ, ಹೀಗೆ ನಿಮ್ಮ ಕೆಲಸದ ಯಾವ ವಸ್ತು ಫೋನಿಗೆ ಜೋಡಣೆಯಾಗಿದೆಯೋ ಅದನ್ನು ಪರಿಚಯದವರ ಐಫೋನ್‌ಗೆ ಜೋಡಿಸಿ ನೋಡದೆ ಹಣ ಕೊಡಬೇಡಿ. ಮೆಮೊರಿ ಕಾರ್ಡ್‌ಗೆ ಐಫೋನ್‌ನಲ್ಲಿ ಜಾಗವಿಲ್ಲ ಎಂಬುದು ಬಹಳ ಮಂದಿಗೆ ಗೊತ್ತಿದೆ. ದರ ಮಾತಾಡುವಾಗ ಕರೆ ರೆಕಾರ್ಡ್ ಮಾಡಿಕೊಳ್ಳುವ ರೂಢಿ ಇರುವವರು, ಐಫೋನ್‌ನಲ್ಲಿ ರೆಕಾರ್ಡಿಂಗ್ ಶುರುವಾದರೆ ಇಬ್ಬರಿಗೂ ಕೇಳುವಂತೆ ಅದನ್ನು ಘೋಷಿಸಲಾಗುತ್ತದೆ ಎಂಬುದನ್ನು ತಿಳಿದಿರಲಿ. ಅದು ನ್ಯಾಯವೇ ಎಂದು ನನಗೆ ಅನ್ನಿಸುತ್ತದೆ.

ಐಫೋನ್ ಕೆಟ್ಟದ್ದೆಂದು ನಾನು ಬರೆಯುತ್ತಿಲ್ಲ. ಮೀನಿನ ಫೋಟೊ ಚೆನ್ನಾಗಿ ಬರುತ್ತದೆ, ಬ್ಯಾಟರಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ತಾಳುತ್ತದೆ, ನಾನು ಅದನ್ನು ಇಂದಿಗೂ ಬಳಸುತ್ತಿದ್ದೇನೆ. ಬದಲಾಗಲೇಬೇಕೆಂದು ನಿರ್ಧರಿಸಿದವರು ಹಳೆಯ ಫೋನನ್ನು ಕನಿಷ್ಠ ಒಂದು ತಿಂಗಳು ಅಳಿಸದೆ ಮನೆಯಲ್ಲಿಡಿ. ಎಕ್ಸ್‌ಚೇಂಜ್ ಹಣ ಸಿಗುವುದಿಲ್ಲ ಎಂದು ಅಂಗಡಿಯವರು ಒತ್ತಾಯಿಸಿದರೆ, ಸಿಗದಿದ್ದರೂ ಇರಲಿ ಎನ್ನಿ. ನನಗೆ ಸಿಕ್ಕಿದ 7,500 ರೂಪಾಯಿಯ ಹಲವು ಪಟ್ಟು ನನ್ನಿಂದ ಹೋಯಿತು.

ಕಳೆದುಹೋದ ತಿಂಗಳುಗಳ ಲೆಕ್ಕಕ್ಕಾಗಿ ಖರೀದಿದಾರರೆಲ್ಲರಿಗೂ ಒಬ್ಬೊಬ್ಬರಾಗಿ ಕರೆ ಮಾಡಿ, ಅವರ ಫೋನಿನಲ್ಲಿರುವ ನಮ್ಮ ಸಂಭಾಷಣೆಯನ್ನು ‘ಎಕ್ಸ್‌ಪೋರ್ಟ್ ಚಾಟ್’ ಮಾಡಿ ಕಳುಹಿಸುವಂತೆ ಕೇಳಿಕೊಂಡೆವು. ಹುಬ್ಬಳ್ಳಿಯವರು ಅದೇ ದಿನ ಕಳುಹಿಸಿದರು, ಉಳಿದವರೂ ಹೆಚ್ಚಿನವರು ವಾರದೊಳಗೆ ಕಳುಹಿಸಿದರು. ಮಡಗಾಂವದ ಒಬ್ಬರು ಮಾತ್ರ, ಜಾಗ ಸಾಲದೆ ಜೂನ್‌ನಲ್ಲಿಯೇ ಎಲ್ಲ ಅಳಿಸಿದೆನೆಂದು ಹೇಳಿದರು. ಅವರು ಸುಳ್ಳು ಹೇಳುವವರಲ್ಲ. ಅವರಿಂದ ಬರಬೇಕಾದದ್ದು ಅಣ್ಣನ ನೋಟ್‌ಬುಕ್ಕಿನಲ್ಲಿ 38,000 ರೂಪಾಯಿ ಎಂದಿದೆ, ಅವರ ನೆನಪಿನಲ್ಲಿ 26,000. ತೋರಿಸಲು ಇಬ್ಬರ ಬಳಿಯೂ ಚೀಟಿ ಇಲ್ಲ, ಮುಂದಿನ ತಿಂಗಳು ಅಣ್ಣ ಅಲ್ಲಿಗೆ ಹೋಗಿ ಎದುರು ಕುಳಿತು ಮಾತಾಡುವುದೆಂದು ಆಗಿದೆ.