ಬಟನ್ ಟಯರೋ, ಎ.ಟಿ.ಯೋ: ಎರಡು ವಿ-ಕ್ರಾಸ್, ಒಂದೇ ಕೆಸರು

ನಮ್ಮ ಮನೆಯಲ್ಲೊಂದು, ಅಕ್ಕನ ಮನೆಯಲ್ಲೊಂದು. ಎರಡೂ 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್. ಅದೇ 2.5 ಲೀಟರ್ ಡೀಸೆಲ್ ಎಂಜಿನ್, 320 ಎನ್‌ಎಂ ಟಾರ್ಕ್, ಐದು ಗೇರು. ಗಾಡಿ ಜೊತೆ ಬಂದಿದ್ದು 245/70 ಆರ್16 ರಸ್ತೆ ಟಯರ್, ಅಂದರೆ ಅಗಲ 245 ಮಿ.ಮೀ., ಪಕ್ಕದ ಎತ್ತರ ಅಗಲದ 70 ಪರ್ಸೆಂಟ್, ರಿಮ್ 16 ಇಂಚು. ಟಾರ್ ರಸ್ತೆಗೆ ಅದು ಬಂಗಾರ. ಆದರೆ ಮೂಡಿಗೆರೆ ಕಡೆ ತೋಟ ಇಟ್ಟುಕೊಂಡು ಅದೇ ಟಯರಲ್ಲಿ ಜುಲೈ ಕಳೆಯಬೇಕು ಅಂದರೆ ಪಕ್ಕದ ತೋಟದವರ ಟ್ರ್ಯಾಕ್ಟರ್ ನಂಬರ್ ಬಾಯಿಪಾಠ ಇರಬೇಕು.

ಇಬ್ಬರೂ ಟಯರ್ ಬದಲಾಯಿಸಿದೆವು, ಆದರೆ ಬೇರೆ ಬೇರೆ ದಾರಿಯಲ್ಲಿ. ನಾನು 265/70 ಆರ್16 ಎ.ಟಿ. (ಟಾರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್) ಹಾಕಿಸಿದೆ, ಗಾಡಿ ಎತ್ತಿಸಲಿಲ್ಲ. ಭಾವ 265/75 ಆರ್16 ಎಂ.ಟಿ. (ಕೆಸರಿಗೆಂದೇ ಮಾಡಿದ ಮಡ್ ಟೆರೇನ್) ಹಾಕಿಸಿದರು, ಅದೇ ನಮ್ಮ ಕಡೆ ಬಟನ್ ಟಯರ್ ಅನ್ನುತ್ತಾರಲ್ಲ, ಅದು. ಜೊತೆಗೆ ಮುಂದಿನ ಸ್ಪ್ರಿಂಗ್ ಮೇಲೆ ಸ್ಪೇಸರ್ ಬಿಲ್ಲೆ, ಹಿಂದಿನ ಪ್ಲೇಟ್ ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಕೊಂಡಿಯ ಬದಲು ಉದ್ದದ ಶ್ಯಾಕಲ್ ಹಾಕಿ ಎರಡು ಇಂಚು ಎತ್ತಿಸಿದರು. ಕಳೆದ ಮಳೆಗಾಲದಲ್ಲಿ ಹದಿನೈದು ದಿನ ಗಾಡಿ ಅದಲು ಬದಲು ಮಾಡಿಕೊಂಡು ಓಡಿಸಿದೆವು. ಇಬ್ಬರಿಗೂ ತಮ್ಮದೇ ಸರಿ ಅಂತ ಸಾಬೀತು ಮಾಡುವ ಹಟ ಇತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲು ಎತ್ತರದ ಲೆಕ್ಕ, ಯಾಕೆಂದರೆ ಜಾಸ್ತಿ ಜನ ತಪ್ಪು ತಿಳಿದುಕೊಳ್ಳುವುದು ಇಲ್ಲೇ. ಹಳೇ ಟಯರಿನ ಎತ್ತರ ಸುಮಾರು 749 ಮಿ.ಮೀ. ನನ್ನದು 777. ಭಾವನದು 804. ಆದರೆ ಆಕ್ಸಲ್ ಮೇಲೇಳುವುದು ವ್ಯತ್ಯಾಸದ ಅರ್ಧ ಮಾತ್ರ. ಅಂದರೆ ನನಗೆ ಸಿಕ್ಕಿದ್ದು 14 ಮಿ.ಮೀ., ಭಾವನಿಗೆ 27. ಲಿಫ್ಟ್ ಮಾಡಿಸಿದ ಎರಡು ಇಂಚು ಹಿಂದಿನ ಆಕ್ಸಲ್ ನಡುವಿನ ಗೇರಿನ ಗುಂಡನ್ನು, ಅಂದರೆ ಡಿಫ್ ಅನ್ನು, ಒಂದು ಕೂದಲೂ ಮೇಲೆತ್ತುವುದಿಲ್ಲ. ಅದು ಆಕ್ಸಲ್ ಜೊತೆ ನೆಲದ ಹತ್ತಿರವೇ ಇರುತ್ತದೆ. ಲಿಫ್ಟ್‌ನಿಂದ ಏಳುವುದು ಬಾಡಿ, ಚಾಸಿ, ಮುಂದಿನ ಬಂಪರ್. ಅದರಿಂದ ಲಾಭ ಇಲ್ಲ ಅಂತಲ್ಲ. ತೋಡು ದಾಟಿ ಎದುರಿನ ದಿಬ್ಬ ಹತ್ತುವಾಗ ನನ್ನ ಬಂಪರ್ ಮಣ್ಣು ಕೆರೆಯುತ್ತದೆ, ಭಾವನದು ಕೆರೆಯುವುದಿಲ್ಲ. ಆದರೆ ನಡುವೆ ಕಲ್ಲಿರುವ ಗಾಲಿ ಜಾಡಿನಲ್ಲಿ ಇಬ್ಬರ ಡಿಫ್ ಎತ್ತರಕ್ಕೆ ಇರುವ ವ್ಯತ್ಯಾಸ 13 ಮಿ.ಮೀ. ಅಷ್ಟೇ. ಅಷ್ಟಕ್ಕೆ ಇಷ್ಟೆಲ್ಲಾ ಖರ್ಚಾ ಅನ್ನಿಸಿದರೆ ಅದು ನ್ಯಾಯವಾದ ಪ್ರಶ್ನೆ.

ಈಗ ಕೆಸರು. ನಮ್ಮ ಕಣದಿಂದ ಕೆಳಗಿನ ಕೂಲಿಯವರ ಲೈನ್ ಮನೆಗಳಿಗೆ ಹೋಗುವ ದಾರಿ ಪೂರ್ತಿ ಕೆಂಪು ಜೇಡಿ. ಮೂರು ದಿನ ಬಿಡದೆ ಮಳೆ ಸುರಿದರೆ ನಡೆದುಕೊಂಡು ಹೋಗುವವರೇ ಜಾರಿ ಬೀಳುತ್ತಾರೆ. ಅಲ್ಲಿ 32 ಪಿ.ಎಸ್.ಐ. ಗಾಳಿ ಇಟ್ಟುಕೊಂಡು ನನ್ನ ಎ.ಟಿ.ಯಲ್ಲಿ ಹತ್ತಲು ಹೋದೆ. ಎರಡು ಸುತ್ತು ತಿರುಗುವಷ್ಟರಲ್ಲಿ ಟಯರಿನ ಸಂದಿಯೆಲ್ಲ ಮಣ್ಣು ಮೆತ್ತಿ ನುಣ್ಣನೆ ಲಟ್ಟಣಿಗೆ ಆಗಿಬಿಟ್ಟಿತು. ಗಾಡಿ ಮುಂದಕ್ಕೆ ಹೋಗುವ ಬದಲು ಪಕ್ಕದ ಕಾಫಿ ಗಿಡದ ಕಡೆ ಜಾರತೊಡಗಿತು. ಭಾವನ ಗಾಡಿ ಅದೇ 32ರಲ್ಲಿ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರು) ಹಾಕಿ ಎರಡನೇ ಗೇರಿನಲ್ಲಿ, ಮಣ್ಣು ಎರಚಿಕೊಂಡು ಹತ್ತಿಯೇ ಬಿಟ್ಟಿತು. ಬಟನ್ ಟಯರಿನ ಗುಟ್ಟು ಅದೇ. ಸಂದಿ ದೊಡ್ಡದು, ಚಕ್ರ ತಿರುಗಿದ ಹಾಗೆ ಮಣ್ಣು ಸಿಡಿದು ಹೋಗುತ್ತದೆ, ಮತ್ತೆ ಕಚ್ಚಲು ಹಲ್ಲು ಸಿಗುತ್ತದೆ. "ನೋಡಿದೆಯಾ ಮಾರಾಯ" ಅಂತ ಭಾವ ಕಿಟಕಿಯಿಂದ ತಲೆ ಹಾಕಿ ನಕ್ಕರು.

ನಾನು ಕೆಳಗಿಳಿದು, ಕಾಲಿಗೆ ಹತ್ತಿದ ಇಂಬಳ ಕಿತ್ತು ಹಾಕಿ, ನಾಲ್ಕೂ ಚಕ್ರದ ಗಾಳಿ 18ಕ್ಕೆ ಇಳಿಸಿದೆ. ಹತ್ತು ನಿಮಿಷದ ಕೆಲಸ. ಎರಡನೇ ಪ್ರಯತ್ನದಲ್ಲಿ ಹತ್ತಿತು. ಚೆಂದವಾಗಿ ಅಲ್ಲ, ಒದ್ದಾಡಿಕೊಂಡು, ಆದರೆ ಹತ್ತಿತು. ಗಾಳಿ ಇಳಿಸಿದಾಗ ಟಯರ್ ನೆಲದ ಮೇಲೆ ಉದ್ದಕ್ಕೆ ಹರಡುತ್ತದೆ, ಅಲ್ಲೇ ಹಿಡಿತ ಬರುವುದು. ಆಮೇಲೆ ಟಾರ್ ರಸ್ತೆಗೆ ಬರುವ ಮುಂಚೆ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪಿನಲ್ಲಿ ಮತ್ತೆ ತುಂಬಿಸಬೇಕು. ಬೇಸರದ ಕೆಲಸ ಹೌದು. ಆದರೆ ಪಂಪಿಗೆ ಕೊಟ್ಟ ದುಡ್ಡು ಒಂದು ಟಯರಿನ ಅರ್ಧ ಬೆಲೆಯೂ ಅಲ್ಲ.

ಒಂದು ಜಾಗದಲ್ಲಿ ಮಾತ್ರ ನಾನು ಪೂರ್ತಿ ಸೋತೆ. ಗದ್ದೆ ಪಕ್ಕದ ದಾರಿಯಲ್ಲಿ ಟ್ರ್ಯಾಕ್ಟರ್ ಓಡಿ ಮೊಣಕಾಲುದ್ದ ಜಾಡು ಬಿದ್ದಿತ್ತು. ಅಲ್ಲಿ 18 ಅಲ್ಲ, 15 ಇಟ್ಟರೂ ಎ.ಟಿ. ಹೂತುಕೊಂಡಿತು. ಭಾವನ ಗಾಡಿಯೇ ಹಗ್ಗ ಕಟ್ಟಿ ಎಳೆದಿದ್ದು. ಅದಕ್ಕಿಂತ ಜಾಸ್ತಿ ವಿವರ ಬೇಡ.

ಆದರೆ ತೋಟದ ಲೆಕ್ಕ ಬರೆಯುವ ರೈಟರ್ ಒಂದು ಮಾತು ಹೇಳಿದರು, ಅದು ತಲೆಯಲ್ಲಿ ಉಳಿದಿದೆ. ಹಳೇ ಜೀಪುಗಳಿಗೆ 6.00-16ರ ಸಪೂರ ಟಯರ್ ಇರುತ್ತಿತ್ತಲ್ಲ, ಅದು ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲಕ್ಕೆ ಹೋಗಿ ಕಚ್ಚುತ್ತಿತ್ತು, ನಿಮ್ಮದು ಎರಡೂ ಮೇಲೆ ತೇಲುವ ಟಯರ್ ಅಂದರು. ನಿಜ. ನಮ್ಮ ಕಡೆಯ ಕೆಸರಿನ ಅಡಿಯಲ್ಲಿ ಸಾಮಾನ್ಯವಾಗಿ ಜಂಬಿಟ್ಟಿಗೆ ಇರುತ್ತದೆ. ಅಗಲ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವುದು ಮರಳಿನ ಊರಿನ ಬುದ್ಧಿ.

ಇನ್ನು ಘಾಟಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದೆವು, ನಾನು ಭಾವನ ಗಾಡಿಯಲ್ಲಿ. ಮಳೆ, ಮಂಜು, ಎದುರಿಗೆ ಬಸ್ಸು. ಎಂ.ಟಿ. ಎಷ್ಟು ಅಪಾಯ ಅನ್ನುವುದು ಗೊತ್ತಾಗಿದ್ದು ಅಲ್ಲಿ. ಒದ್ದೆ ಟಾರಿನ ಮೇಲೆ ನಿಲ್ಲುವುದು ಆ ದೊಡ್ಡ ಗಟ್ಟಿ ರಬ್ಬರ್ ಗುಂಡಿಗಳ ತುದಿ ಮಾತ್ರ. ನೆಲಕ್ಕೆ ತಾಗುವ ರಬ್ಬರೇ ಕಮ್ಮಿ. ತಿರುವಿನಲ್ಲಿ ಬ್ರೇಕ್ ಮುಟ್ಟಿದ ಕೂಡಲೇ, ಚಕ್ರ ಲಾಕ್ ಆಗದಂತೆ ತಡೆಯುವ ಎ.ಬಿ.ಎಸ್.ನ ಕಟಕಟ ಶುರು. ಇನ್ನೊಂದು, ಟಯರ್ ಏಳು ಪರ್ಸೆಂಟ್ ದೊಡ್ಡದಾದರೆ ಗೇರು ಅಷ್ಟೇ ಉದ್ದ ಆದ ಹಾಗೆ. ಹಾಗಾಗಿ ಎರಡನೇ ಗೇರಿನಲ್ಲಿ ಇಳಿಯುವಾಗ ಎಂಜಿನ್ ಹಿಡಿಯುವುದು ಕಮ್ಮಿ, ಬ್ರೇಕ್ ಮೇಲೆ ಭಾರ ಜಾಸ್ತಿ. ಹತ್ತುವಾಗಲೂ ಅಷ್ಟೆ. ಈ ಡೀಸೆಲ್‌ಗೆ 1,800 ಆರ್.ಪಿ.ಎಂ. ದಾಟಿದ ಮೇಲೆ ಪೂರ್ತಿ ಬಲ. ಹೇರ್‌ಪಿನ್ನಿನಲ್ಲಿ ನನ್ನ ಗಾಡಿ ಎರಡರಲ್ಲಿ ಎದ್ದು ಹೋಗುವ ಕಡೆ ಭಾವನದಕ್ಕೆ ಒಂದಕ್ಕೆ ಇಳಿಸಬೇಕಾಯಿತು. ಟಯರಿನ ಸದ್ದಂತೂ 60ರ ಮೇಲೆ ಹಿಟ್ಟಿನ ಗಿರಣಿ. ಅಕ್ಕ ಆ ಗಾಡಿಯಲ್ಲಿ ಮಂಗಳೂರಿಗೆ ಬರುವುದನ್ನೇ ಬಿಟ್ಟಿದ್ದಾಳೆ.

ಮೈಲೇಜ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಳೇ ಟಯರಲ್ಲಿ ಲೀಟರಿಗೆ 12 ಬರುತ್ತಿತ್ತು. ಈಗ ಮೀಟರ್ ನೋಡಿ ಲೆಕ್ಕ ಹಾಕಿದರೆ ನನ್ನದು 11.2, ಭಾವನದು 9.5. ಆದರೆ ಟಯರ್ ದೊಡ್ಡದಾದಾಗ ಕಿಲೋಮೀಟರ್ ಮೀಟರೂ ಕಮ್ಮಿ ತೋರಿಸುತ್ತದೆ, ಇದನ್ನು ಸುಮಾರು ಜನ ಮರೆಯುತ್ತಾರೆ. ಸರಿಪಡಿಸಿ ನೋಡಿದರೆ ನನ್ನದು 11.6, ಭಾವನದು 10.2. ಸ್ಪೀಡಿನದೂ ಅದೇ ಕಥೆ, ಮೀಟರ್ ತೋರಿಸುವುದಕ್ಕಿಂತ ಗಾಡಿ ಜೋರಾಗಿಯೇ ಓಡುತ್ತಿರುತ್ತದೆ. ತೂಕಕ್ಕೆ ಕಾಫಿ ಮೂಟೆ ತೂಗುವ ಸ್ಕೇಲಿನ ಮೇಲೇ ಚಕ್ರ ಇಟ್ಟು ನೋಡಿದೆವು. ಭಾವನ ಒಂದೊಂದು ಚಕ್ರವೂ ಹಳೆಯದಕ್ಕಿಂತ ಎಂಟು ಕಿಲೋ ಜಾಸ್ತಿ.

ಸ್ಪೇಸರ್ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ಹಾಕಿಕೊಟ್ಟ ವರ್ಕ್‌ಶಾಪಿನವರು ಅಲೈನ್‌ಮೆಂಟ್ ಕೂಡ ಮಾಡಿಸದೆ ಕಳಿಸಿದ್ದರು. ಮುಂದಿನ ಟಯರುಗಳ ಒಳಗಿನ ಅಂಚು ಎರಡೇ ತಿಂಗಳಲ್ಲಿ ಸವೆಯಿತು. ಸ್ಪೇಸರ್ ಅಂದರೆ ಹೊಸ ಸ್ಪ್ರಿಂಗ್ ಅಲ್ಲ, ಹಳೇ ಸ್ಪ್ರಿಂಗ್, ಹಳೇ ಶಾಕ್ ಮೇಲೆ ಒಂದು ಬಿಲ್ಲೆ ಅಷ್ಟೆ. ಚಕ್ರ ಕೆಳಗೆ ಇಳಿಯಲು ಇದ್ದ ಜಾಗವನ್ನು ಅದೇ ತಿಂದುಬಿಡುತ್ತದೆ. ಗುಂಡಿಗೆ ಬಿದ್ದಾಗ ಟಕ್ ಅಂತ ಹೊಡೆಯುತ್ತದೆ, ಆಕ್ಸಲ್ ಜಾಯಿಂಟ್ ಯಾವಾಗಲೂ ಓರೆಯಲ್ಲೇ ತಿರುಗುತ್ತದೆ. ಒಂಬತ್ತನೇ ತಿಂಗಳಿಗೆ ಬಲಗಡೆಯ ರಬ್ಬರ್ ಬೂಟ್ ಹರಿದು ಗ್ರೀಸ್ ಎಲ್ಲ ಚಕ್ರದ ತುಂಬಾ. ಎತ್ತಿಸಲೇಬೇಕು ಅಂದರೆ ಸ್ಪ್ರಿಂಗ್, ಶಾಕ್ ಎರಡೂ ಬದಲಾಯಿಸಿ. ದುಡ್ಡು ಸಾಲದಿದ್ದರೆ ಎತ್ತಿಸಬೇಡಿ.

ಸ್ಟೆಪ್ನಿ ಮರೆಯಬೇಡಿ. ಭಾವ ನಾಲ್ಕೇ ಟಯರ್ ಕೊಂಡಿದ್ದರು, ಐದನೆಯದು ಹಳೇ ಅಳತೆಯದೇ. ಆಗಸ್ಟಿನಲ್ಲಿ ಸಿಲ್ವರ್ ಓಕ್ ಕೂಳೆ ಚುಚ್ಚಿ ಹಿಂದಿನ ಟಯರಿನ ಪಕ್ಕ ಸೀಳಿತು. ಅಳತೆ ಬೇರೆ ಇರುವ ಚಕ್ರ ಹಾಕಿಕೊಂಡು ಫೋರ್ ವೀಲ್ ಹಾಕಿದರೆ ಮುಂದೆ ಹಿಂದೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗೆ ಹಿಂದು ಮುಂದು ಎಳೆದಾಟ ಶುರುವಾಗುತ್ತದೆ. ಹಾಗಾಗಿ ಮುಂದಿನ ದೊಡ್ಡ ಚಕ್ರ ಒಂದನ್ನು ಬಿಚ್ಚಿ ಹಿಂದಕ್ಕೆ ಹಾಕಿ, ಸಣ್ಣದನ್ನು ಮುಂದೆ ಹಾಕಿ, ಟೂ ವೀಲಿನಲ್ಲೇ ಮೆಲ್ಲಗೆ ಮನೆಗೆ ತಂದೆವು. ಇಷ್ಟು ದುಡ್ಡು ಸುರಿದ ಗಾಡಿ, ಬೇಕಾದ ಹೊತ್ತಿಗೆ ಫೋರ್ ವೀಲ್ ಇಲ್ಲ!

ಕಾನೂನಿನ ಮಾತು ಚಿಕ್ಕದಾಗಿ. ಆರ್.ಸಿ.ಯಲ್ಲಿ ಇರುವುದಕ್ಕಿಂತ ಬೇರೆಯಾಗಿ ಗಾಡಿ ಮಾರ್ಪಾಡು ಮಾಡುವ ಹಾಗಿಲ್ಲ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಮುಂದೆ ಕಟ್ಟುವ ಕಬ್ಬಿಣದ ಗಾರ್ಡ್ ಮೇಲೆ ಕೇಂದ್ರದ ಸಾರಿಗೆ ಇಲಾಖೆ ಗರಂ ಆಗಿದ್ದು 2017ರ ಕೊನೆಗೆ. ನನ್ನ ಅಳತೆ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ, ಭಾವನ ಗಾಡಿಯನ್ನು ಚಿಕ್ಕಮಗಳೂರಿನಲ್ಲಿ ಎರಡು ಸಲ ಪಕ್ಕಕ್ಕೆ ಹಾಕಿಸಿದ್ದಾರೆ. ಇನ್ಶೂರೆನ್ಸ್ ಕ್ಲೇಮ್ ಬಂದಾಗ ಯಾರು ಏನು ಕೇಳುತ್ತಾರೋ, ಅದನ್ನು ಲಿಫ್ಟ್ ಮಾಡಿಸುವ ಮೊದಲೇ ಯೋಚಿಸಿ.

ಹಾಗಾದರೆ ಯಾವುದು? ನನ್ನ ಮಟ್ಟಿಗೆ ಉತ್ತರ ಇರುವುದು ತೋಟದ ಕ್ಯಾಲೆಂಡರಿನಲ್ಲಿ. ಕಾಫಿ ಕೊಯ್ದು ಮೂಟೆ ಹೊರುವ ನಿಜವಾದ ಭಾರದ ಕೆಲಸ ನವೆಂಬರಿನಿಂದ ಫೆಬ್ರವರಿ, ಮಾರ್ಚ್‌ವರೆಗೆ. ಆಗ ದಾರಿ ಒಣಗಿ ಧೂಳು ಏಳುತ್ತಿರುತ್ತದೆ. ಬಟನ್ ಟಯರ್ ಬೇಕೇ ಬೇಕು ಅನ್ನಿಸುವುದು ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ, ಅದೂ ಗದ್ದೆ ದಾರಿಯಂಥ ಒಂದೆರಡು ಜಾಗಕ್ಕೆ. ಆ ಎರಡು ಜಾಗಕ್ಕಾಗಿ ವರ್ಷವಿಡೀ ಗಿರಣಿ ಸದ್ದು ಕೇಳಲು ನನಗೆ ಮನಸ್ಸಿಲ್ಲ. ನಿಮ್ಮ ಮನೆಯೇ ಗದ್ದೆ ದಾರಿಯ ಆಚೆ ಇದ್ದರೆ, ಟಾರ್ ರಸ್ತೆ ಕಾಣುವುದು ವಾರಕ್ಕೊಮ್ಮೆ ಆದರೆ, ಭಾವ ಮಾಡಿದ್ದೇ ಸರಿ, ಸ್ಪೇಸರ್ ಒಂದು ಬಿಟ್ಟು.

ಭಾವ ಸೋಲು ಒಪ್ಪಿಲ್ಲ. ಆದರೆ ಅಕ್ಟೋಬರಿನಲ್ಲಿ ಇನ್ನೊಂದು ಸೆಟ್ ರಿಮ್ ಕೊಂಡು ಅದಕ್ಕೆ 265/70 ಎ.ಟಿ. ಹಾಕಿಸಿದ್ದಾರೆ, ಐದು. ಬಟನ್ ಟಯರುಗಳು ಈಗ ಗೊಬ್ಬರದ ಗೋದಾಮಿನಲ್ಲಿ ಜೂನ್ ಬರುವುದನ್ನು ಕಾಯುತ್ತಿವೆ. ನಾನು ಸಾಲ ಕೇಳಿದ್ದೇನೆ, ಒಂದು ವಾರಕ್ಕೆ, ಗದ್ದೆ ದಾರಿಗೆ ಮಾತ್ರ. "ನೋಡೋಣ ಮಾರಾಯ" ಅಂದಿದ್ದಾರೆ.