ಕೆರೆ ಸುತ್ತಲು ಯಾವುದು: ಟ್ರ್ಯಾಂಪರ್ರೋ, ಡಿಕ್ಕಿ ಸ್ಕೂಟರ್ರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟ್ರ್ಯಾಂಪರ್‌ಗೆ, ಅಂದರೆ ನಡೆಯಲು ಕಷ್ಟವಿರುವವರು ಕೂತು ಕಲ್ಲುಮಣ್ಣಿನ ದಾರಿಯಲ್ಲೂ ಓಡಿಸಬಹುದಾದ ದೊಡ್ಡ ಬ್ಯಾಟರಿ ಸ್ಕೂಟರ್‌ಗೆ. ಅದು ನನ್ನದಲ್ಲ, ನನ್ನದಾಗುವುದೂ ಇಲ್ಲ. ಹೊಸದು ಕೊಳ್ಳುವ ದುಡ್ಡಿಗೆ ಒಳ್ಳೇ ಸೆಕೆಂಡ್ ಹ್ಯಾಂಡ್ ಕಾರೇ ಬರುತ್ತದೆ. ಆದರೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ಗೆ ಹೋದಾಗ ನಾನು ಬಾಡಿಗೆಗೆ ಹಿಡಿಯುವುದು ಅದನ್ನೇ. ನನ್ನ ಸ್ವಂತ ಸ್ಕೂಟರ್ ಅಷ್ಟು ಹೊತ್ತೂ ಕಾರಿನ ಡಿಕ್ಕಿಯಲ್ಲಿ ಮಲಗಿರುತ್ತದೆ.

ಚಿಕ್ಕಂದಿನ ಪೋಲಿಯೊದಿಂದ ನನ್ನ ಎಡಗಾಲಿಗೆ ಬಲವಿಲ್ಲ, ಕ್ಯಾಲಿಪರ್ (ಕಾಲಿಗೆ ಆಸರೆಯ ಪಟ್ಟಿ) ಹಾಕುತ್ತೇನೆ. ಅರಸೀಕೆರೆಯಲ್ಲಿದ್ದಾಗ ಹಿಂದೆ ಎರಡು ಎಕ್ಸ್‌ಟ್ರಾ ಚಕ್ರ ಕೂರಿಸಿದ ಸ್ಕೂಟಿ ಇತ್ತು. ಇಂಗ್ಲೆಂಡಿನ ಪ್ರೆಸ್ಟನ್‌ಗೆ ಬಂದ ಮೇಲೆ ಬ್ಯಾಟರಿಯಲ್ಲಿ ಓಡುವ, ಬಿಡಿಬಿಡಿಯಾಗಿ ಕಾರಿನ ಡಿಕ್ಕಿಯಲ್ಲಿ ಹಿಡಿಸುವ ಪುಟ್ಟ ಸ್ಕೂಟರ್ ತೆಗೆದುಕೊಂಡೆ, ಡಿಕ್ಕಿ ಸ್ಕೂಟರ್ ಅಂದರೆ ಇದೇ. ಸೆಕೆಂಡ್ ಹ್ಯಾಂಡ್, 600 ಪೌಂಡಿನ ಆಸುಪಾಸು. ಮೂರನೆಯದು ಮನೆಯಲ್ಲಿರುವ ಸಾದಾ ಗಾಲಿಕುರ್ಚಿ. ಅದರ ಮುಂದೆ ಫ್ರೀವೀಲ್ ಅನ್ನುವ ಒಂಟಿ ದೊಡ್ಡ ಚಕ್ರ ಸಿಕ್ಕಿಸಿದರೆ ಮುಂದಿನ ಎರಡು ಚಿಕ್ಕ ಚಕ್ರಗಳು ನೆಲದಿಂದ ಮೇಲೇಳುತ್ತವೆ, ಕಲ್ಲಿಗೆ ಸಿಕ್ಕುವುದಿಲ್ಲ.

ಟ್ರ್ಯಾಂಪರ್, ಡಿಕ್ಕಿ ಸ್ಕೂಟರ್, ಕುರ್ಚಿ ಮೂರನ್ನೂ ಓಡಿಸಿ ನೋಡಿದ್ದು ಹೆಚ್ಚಾಗಿ ಕಾನಿಸ್ಟನ್ ಮತ್ತು ಹಾಕ್ಸ್‌ಹೆಡ್ ನಡುವಿನ ಟಾರ್ನ್ ಹೌಸ್‌ನಲ್ಲಿ. ಅದನ್ನು ಕೆರೆ ಅಂತಲೇ ಕರೆಯಬಹುದು. 19ನೇ ಶತಮಾನದಲ್ಲಿ ಜೇಮ್ಸ್ ಗಾರ್ತ್ ಮಾರ್ಷಲ್ ಅನ್ನುವ ಜಮೀನ್ದಾರ ಏರಿ ಕಟ್ಟಿಸಿ, ಮೂರು ಸಣ್ಣ ಕೊಳಗಳನ್ನು ಒಂದು ಮಾಡಿಸಿದ್ದು. ಸುತ್ತ ಬರಲು 3 ಕಿ.ಮೀ.ಗೆ ಸ್ವಲ್ಪ ಕಮ್ಮಿ. ದಾರಿ ಗಟ್ಟಿ ಇದೆ, ಆದರೆ ಸಮತಟ್ಟಲ್ಲ. ಏರು, ಇಳಿಜಾರು, ಜಲ್ಲಿ ಎಲ್ಲವೂ ಉಂಟು.

ಈಗ ಡಿಕ್ಕಿ ಸ್ಕೂಟರಿನ ಕಥೆ. ಪೇಟೆಯಲ್ಲಿ ಅದು ಚಿನ್ನ. ಕೆಸ್ವಿಕ್ ಪಕ್ಕದ ಡರ್ವೆಂಟ್‌ವಾಟರ್ ಸರೋವರದ ದಂಡೆಯಲ್ಲಿ ಫ್ರೈಯರ್ಸ್ ಕ್ರ್ಯಾಗ್‌ವರೆಗೂ ತಕರಾರಿಲ್ಲದೆ ಹೋಗುತ್ತದೆ. ಅದರ ಕಾಟ ಶುರುವಾಗುವುದು ಅಡ್ಡ ಚರಂಡಿ ಬಂದಾಗ.

ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಮಳೆ ವಿಪರೀತ. ಬೊರೋಡೇಲ್ ಕಣಿವೆಯ ಸೀತ್‌ವೇಟ್‌ನಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುತ್ತದೆ. (ಆಗುಂಬೆಯವರು ನಗಬಹುದು, ನಗಲಿ.) ಆ ನೀರು ದಾರಿಯನ್ನೇ ಕೊಚ್ಚಿಕೊಂಡು ಹೋಗದಿರಲಿ ಅಂತ ಬೆಟ್ಟದ ಕಡೆಯ ದಾರಿಗಳಿಗೆ ಅಡ್ಡಲಾಗಿ ಕಲ್ಲು ಕಟ್ಟಿದ ಪುಟ್ಟ ಚರಂಡಿಗಳಿರುತ್ತವೆ. ಅಂಗೈ ಅಗಲ, ನಾಲ್ಕು ಬೆರಳು ಆಳ. ನಡೆಯುವವರು ಅದನ್ನು ನೋಡುವುದೂ ಇಲ್ಲ, ದಾಟಿ ಹೋಗುತ್ತಾರೆ.

ಡಿಕ್ಕಿ ಸ್ಕೂಟರಿನ ಹಿಂಭಾಗದಲ್ಲಿ, ಬಾಲದಂತೆ, ಎರಡು ಪುಟಾಣಿ ಚಕ್ರಗಳಿವೆ. ಏರಿನಲ್ಲಿ ಗಾಡಿ ಹಿಂದಕ್ಕೆ ಮಗುಚದಿರಲಿ ಅಂತ ಕೊಟ್ಟದ್ದು. ಮುಂದಿನ ಚಕ್ರ ಚರಂಡಿ ದಾಟಿ ಮೇಲೆ ಹತ್ತಿತು, ಹಿಂದಿನದು ಚರಂಡಿಗೆ ಇಳಿಯಿತು, ಅಷ್ಟರಲ್ಲಿ ಈ ಪುಟಾಣಿಗಳು ಹಿಂದಿನ ಕಲ್ಲಿನ ಅಂಚಿನ ಮೇಲೆ ಕೂತವು. ಗಾಡಿಯ ಭಾರವೆಲ್ಲ ಅವುಗಳ ಮೇಲೆ. ಮೋಟಾರಿನ ಬಲ ಸಿಗುವ ಚಕ್ರಗಳಲ್ಲಿ ಒಂದು ಗಾಳಿಯಲ್ಲಿ. ಒಂದು ಚಕ್ರ ಮೇಲೆದ್ದರೆ ಬಲವೆಲ್ಲ ಅದಕ್ಕೇ ಹೋಗುತ್ತದೆ. ನೆಲಕ್ಕೆ ತಾಗಿದ್ದು ಸುಮ್ನೆ ಕೂತಿತ್ತು, ತಾಗದ್ದು ಗಿರಗಿರ ತಿರುಗುತ್ತಿತ್ತು.

ಸರಿ, ತಳ್ಳಿಬಿಡೋಣ ಅಂದರೆ ಅದೂ ಆಗದು. ಇಂಥ ಸ್ಕೂಟರ್‌ಗಳಲ್ಲಿ ಕೈ ಬಿಟ್ಟ ಕೂಡಲೇ ಬ್ರೇಕ್ ತಾನಾಗಿ ಬೀಳುತ್ತದೆ. ತಳ್ಳಬೇಕಾದರೆ ಹಿಂದೆ, ನೆಲದ ಹತ್ತಿರ ಇರುವ ಲಿವರ್ ಒತ್ತಿ ಮೋಟಾರು ಬಿಡಿಸಬೇಕು. ಬಿಡಿಸಿದರೆ ಬ್ರೇಕೂ ಹೋಯಿತು! ಏರಿನಲ್ಲಿ ನಿಂತಿರುವ ಗಾಡಿ, ಮೇಲೆ ನಾನು, ಹಿಂದೆ ಬಗ್ಗಿ ನಿಂತಿರುವ ನನ್ನಾಕೆ. "ರೀ, ಮೊದಲು ಇಳೀರಿ, ಆಮೇಲೆ ಲಿವರ್ ಮುಟ್ತೀನಿ" ಅಂದಳು. ಕ್ಯಾಲಿಪರ್ ಹಾಕಿಕೊಂಡು ಒದ್ದೆ ಕಲ್ಲಿನ ಮೇಲೆ ಇಳಿಯುವುದು ಅಂದರೆ ಗೊತ್ತಲ್ಲ. ಕೊನೆಗೆ ಆ ಕಡೆಯಿಂದ ನಾಯಿ ಹಿಡಿದು ಬಂದ ದಂಪತಿ ಒಂದೊಂದು ಕಡೆ ಹಿಡಿದು ಎತ್ತಿ ದಾಟಿಸಿದರು. ಮುಂದಿನ ಚರಂಡಿ ಐವತ್ತು ಹೆಜ್ಜೆ ದೂರದಲ್ಲೇ ಇತ್ತು.

ಮಾರಿದ ಅಂಗಡಿಯವನಿಗೆ ಫೋನ್ ಮಾಡಿದರೆ "ಆ ಚಿಕ್ಕ ಚಕ್ರ ಬಿಚ್ಚಿಬಿಡಿ ಸಾರ್" ಅನ್ನುವ ಅರ್ಥದ ಉತ್ತರ. ಬಿಚ್ಚಿದರೆ ಏರಿನಲ್ಲಿ ನಾನು ಮಲಗಿಕೊಂಡೇ ಆಕಾಶ ನೋಡಬೇಕಾಗುತ್ತದೆ, ಅಷ್ಟೆ.

ಟ್ರ್ಯಾಂಪರ್‌ನಲ್ಲಿ ಇದೇ ಚರಂಡಿ ಬಂದಾಗ ಸೀಟು ಒಮ್ಮೆ ಕುಲುಕುತ್ತದೆ, ಮುಗಿಯಿತು. ಗಾಳಿ ತುಂಬಿದ ದಪ್ಪ ಟೈರು, ಒಳ್ಳೆಯ ಸಸ್ಪೆನ್ಷನ್, ಹೊಟ್ಟೆ ನೆಲದಿಂದ ಮೇಲಿದೆ. ಅದರ ಬಗ್ಗೆ ಜಾಸ್ತಿ ಹೇಳುವುದಕ್ಕೇ ಇಲ್ಲ. ನಾನು ದಾರಿ ನೋಡುವುದು ಬಿಟ್ಟು ನೀರು ನೋಡಿದ್ದು ಅದರ ಮೇಲೆ ಕೂತಾಗಲೇ.

ವೇಗ? ಕಾಲುದಾರಿಯಲ್ಲಿ ಕಾನೂನೇ ಗಂಟೆಗೆ 4 ಮೈಲಿ ಅನ್ನುತ್ತದೆ. ಎರಡೂ ಒಂದೇ.

ಟ್ರ್ಯಾಂಪರ್‌ನ ತೊಂದರೆ ಅದರ ಉದ್ದ. ದನ ಕುರಿ ದಾಟದಂತೆ ಹಾಕುವ, ಒಬ್ಬೊಬ್ಬರೇ ಸುತ್ತಿ ಹೋಗುವ ಗೇಟುಗಳಲ್ಲಿ ಅದು ತಿರುಗುವುದಿಲ್ಲ. ಬೆಂಗಳೂರಿನ ಪಾರ್ಕುಗಳಲ್ಲಿ ಬೈಕ್ ನುಗ್ಗದಂತೆ ಹಾಕುವ ಸುತ್ತುಗೇಟು ನೋಡಿದ್ದೀರಲ್ಲ, ಗಾಲಿಕುರ್ಚಿಯನ್ನೂ ಹೊರಗೇ ನಿಲ್ಲಿಸುತ್ತವಲ್ಲ, ಅದೇ ಜಾತಿ. ಕೆಲವು ಕಡೆ ದೊಡ್ಡ ಗೇಟಿಟ್ಟು ರೇಡಾರ್ ಕೀ ಹಾಕಿದರೆ ಪೂರ್ತಿ ತೆರೆಯುವಂತೆ ಮಾಡಿದ್ದಾರೆ. 1981ರಲ್ಲಿ ಅಂಗವಿಕಲರ ಶೌಚಾಲಯಗಳಿಗೆ ಅಂತ ಬಂದ ಕೀ ಅದು. ಕೆಲವೇ ಪೌಂಡಿಗೆ ಸಿಗುತ್ತದೆ, ಕೀ ಗೊಂಚಲಲ್ಲಿ ಇರಲೇಬೇಕು.

ಲೇಕ್ ಡಿಸ್ಟ್ರಿಕ್ಟ್ ನ್ಯಾಷನಲ್ ಪಾರ್ಕಿನವರು "ಮೈಲ್ಸ್ ವಿತೌಟ್ ಸ್ಟೈಲ್ಸ್" (ಸ್ಟೈಲ್ ಅಂದರೆ ಬೇಲಿ ಹತ್ತಿ ದಾಟುವ ಮೆಟ್ಟಿಲು) ಅಂತ ದಾರಿಗಳ ಪಟ್ಟಿ ಮಾಡಿ, ಎಲ್ಲರಿಗೂ, ಹಲವರಿಗೆ, ಕೆಲವರಿಗೆ ಅಂತ ಮೂರು ದರ್ಜೆ ಕೊಟ್ಟಿದ್ದಾರೆ. "ಎಲ್ಲರಿಗೂ" ಅಂತಿದ್ದರೆ ಡಿಕ್ಕಿ ಸ್ಕೂಟರ್ ಸಾಕು. ಉಳಿದ ಎರಡಕ್ಕೆ ನಾನಂತೂ ಅದನ್ನು ಇಳಿಸುವುದೇ ಇಲ್ಲ.

ಇನ್ನು ಫ್ರೀವೀಲ್ ಕುರ್ಚಿ. ಚರಂಡಿಯಲ್ಲಿ ಟ್ರ್ಯಾಂಪರ್‌ನಷ್ಟೇ ಸಲೀಸು, ಬ್ಯಾಟರಿ ಚಿಂತೆಯೂ ಇಲ್ಲ. ತಳ್ಳುವವರು ಬೇಕು, ಅಷ್ಟೇ. ನನ್ನಾಕೆಯ ಬೆನ್ನಿನ ಕಡೆ ನೋಡಿದರೆ ಅದು ನನಗೆ ಆಗಿಬರುವುದಿಲ್ಲ.

ವರ್ಷಕ್ಕೆ ಕೆಲವೇ ಸಲ ಕೆರೆ ಕಡೆ ಹೋಗುವ, ಉಳಿದ ದಿನ ಮಾರ್ಕೆಟ್ಟು, ಬಸ್‌ಸ್ಟಾಪು ಅಂತ ಓಡಾಡುವ ನನ್ನಂಥವನಿಗೆ ಲೆಕ್ಕ ಸಲೀಸು: ಪೇಟೆಗೆ ಸ್ವಂತದ್ದು, ಬೆಟ್ಟಕ್ಕೆ ಬಾಡಿಗೆಯದು. ಟ್ರ್ಯಾಂಪರ್ ಕಾರಿನಲ್ಲಿ ಹಿಡಿಸುವುದಿಲ್ಲ, ಹಾಗಾಗಿ ಅದು ಸಿಗುವ ಕಡೆಗೇ ಹೋಗಬೇಕು, ಮುಂಚೆಯೇ ಫೋನ್ ಮಾಡಿ ಕಾಯ್ದಿರಿಸಬೇಕು. ಬೇಸಿಗೆ ರಜೆಯಲ್ಲಂತೂ ಸುಲಭಕ್ಕೆ ಸಿಗದು. ಊರಿಂದ ಬಂದಿದ್ದ ನಮ್ಮ ಮಾವನವರು ಮಾತ್ರ ಮೂರರಲ್ಲಿ ಕುರ್ಚಿಯೇ ವಾಸಿ ಅಂದರು. ಸ್ಕೂಟರಲ್ಲಿ ಕೂತರೆ ಒಬ್ಬರೇ ಮುಂದೆ ಹೋಗಿಬಿಡುತ್ತೇವೆ, ಮಾತಾಡಲು ಯಾರೂ ಸಿಗುವುದಿಲ್ಲವಂತೆ. ಅವರನ್ನು ತಳ್ಳಿದ್ದು ನನ್ನ ಮಗ, ಅವನ ಅಭಿಪ್ರಾಯ ಬೇರೆ.