ಡಕಾರ್‌ನಲ್ಲಿ ಯಾವ ಗಾಡಿ ಹತ್ತಬೇಕು?

ಸೆನೆಗಲ್‌ನ ರಾಜಧಾನಿ ಡಕಾರ್‌ಗೆ ಮೂರು ಕಡೆ ಸಮುದ್ರ. ಅಟ್ಲಾಂಟಿಕ್‌ಗೆ ಚಾಚಿದ ಭೂಶಿರದ ಮೇಲೆ ಕುಳಿತ ಊರು ಬೆಳೆಯಬೇಕಾದರೆ ಒಳನಾಡಿನತ್ತಲೇ ಬೆಳೆಯಬೇಕು. ಆದರೆ ಕಚೇರಿ, ಬ್ಯಾಂಕು, ದೊಡ್ಡ ಮಾರುಕಟ್ಟೆಗಳೆಲ್ಲ ಪ್ಲಾಟೊ ಎಂಬ ದಕ್ಷಿಣದ ತುದಿಯಲ್ಲಿವೆ. ಬೆಳಿಗ್ಗೆ ಇಡೀ ಊರು ಆ ತುದಿಗೆ ನುಗ್ಗುತ್ತದೆ, ಸಂಜೆ ಹಿಂದಿರುಗುತ್ತದೆ. ಬೆನ್ನುಚೀಲ ಹೊತ್ತು ಒಂಬತ್ತು ದಿನ ಈ ನೂಕುನುಗ್ಗಲಿನಲ್ಲಿ ತಿರುಗಿದ ನಾನು ಅಲ್ಲಿನ ಎಲ್ಲ ಬಗೆಯ ಗಾಡಿಗಳನ್ನೂ ಹತ್ತಿ ಇಳಿದೆ.

ಮೊದಲು ಹತ್ತಿದ್ದು ಕಾರ್ ರಪೀದ್. ಹೆಸರಿನ ಅರ್ಥ ವೇಗದ ಗಾಡಿ. ವೇಗ ಮಾತ್ರ ಹೆಸರಿನಲ್ಲಷ್ಟೇ ಉಳಿದಿದೆ. ಹಳೆಯ ರೆನೊ ವ್ಯಾನಿಗೆ ನೀಲಿ, ಹಳದಿ ಬಳಿದು, ಹಣೆಯ ಮೇಲೆ ‘ಅಲ್‌ಹಮ್ದುಲಿಲ್ಲಾ’ ಎಂದು ಬರೆದಿರುತ್ತಾರೆ. ಹಿಂಬಾಗಿಲಿಗೆ ಜೋತುಬಿದ್ದ ಹುಡುಗ ಊರಿನ ಹೆಸರು ಕೂಗುತ್ತಾನೆ, ಕಾಸು ವಸೂಲಿ ಮಾಡುತ್ತಾನೆ, ಯಾರಾದರೂ ಇಳಿಯಬೇಕೆಂದರೆ ನಾಣ್ಯದಿಂದ ತಗಡಿಗೆ ಟಕಟಕ ಬಡಿಯುತ್ತಾನೆ. ಚಾಲಕನಿಗೆ ಅದೇ ಗಂಟೆ. ನೂರೈವತ್ತು ಸೀಫಾ ಫ್ರಾಂಕ್ ಕೊಟ್ಟೆ, ನಮ್ಮ ಇಪ್ಪತ್ತೆರಡು ರೂಪಾಯಿಯ ಆಸುಪಾಸು. ಮಂಡಿ ಎದುರಿನ ಸೀಟಿಗೆ ಒತ್ತಿ, ಚೀಲ ತೊಡೆಯ ಮೇಲೇರಿ, ಉಸಿರಾಡುವುದಕ್ಕೂ ಸರದಿ ಕಾಯಬೇಕಾಯಿತು. ಪ್ಯಾರಿಸ್ಸಿನ ಒಂದು ವಸ್ತುಸಂಗ್ರಹಾಲಯದಲ್ಲಿ ಇಂಥದೊಂದು ಗಾಡಿಯನ್ನು ಪ್ರದರ್ಶನಕ್ಕಿಟ್ಟಿದ್ದಾರೆ. ಒಂದು ಸಲ ಹತ್ತಿ, ಬರಿಗೈಯಲ್ಲಿ ಹತ್ತಿ.

ಹೊಸ ರೈಲು ಇದಕ್ಕೆ ತದ್ವಿರುದ್ಧ. 2021ರ ಡಿಸೆಂಬರಿನಲ್ಲಿ ಓಡಲಾರಂಭಿಸಿದ ಟೆರ್, ಡಕಾರ್‌ನಿಂದ ಡಿಯಾಮ್ನಿಯಾಡಿಯೊವರೆಗೆ 36 ಕಿಲೋಮೀಟರ್ ಹೋಗುತ್ತದೆ. ಹವಾನಿಯಂತ್ರಣ, ಸಮಯಪಾಲನೆ, ಚೀಲ ಇಡಲು ಜಾಗ, ಎಲ್ಲವೂ ಇದೆ. ರುಫಿಸ್ಕ್‌ಗೆ ಹೋಗುವವರು ಬೇರೆ ಏನನ್ನೂ ಯೋಚಿಸಬೇಕಿಲ್ಲ. ಆದರೆ ನಾನು ನೋಡಬೇಕೆಂದಿದ್ದ ವಾಕಾಮ್, ಯೋಫ್, ಎನ್‌ಗೋರ್ ಎಲ್ಲವೂ ಪಶ್ಚಿಮ ಮತ್ತು ಉತ್ತರದ ಕರಾವಳಿಯಲ್ಲಿವೆ, ರೈಲು ಹೋಗುವುದು ಪೂರ್ವಕ್ಕೆ.

ಹಾಗಾಗಿ ಹೆಚ್ಚು ಓಡಾಡಿದ್ದು ಬಿಳಿ ಮಿನಿಬಸ್ಸಿನಲ್ಲಿ. ಜನ ಅದನ್ನು ಕರೆಯುವುದೇ ‘ತಾತಾ’ ಎಂದು. ಹೌದು, ನಮ್ಮ ಟಾಟಾ. ಧಾರವಾಡದ ಟಾಟಾ ಬಸ್ ಕಾರ್ಖಾನೆಯ ಮುಂದೆ ದಿನವೂ ಹಾದುಹೋಗುವ ನನಗೆ ಆ ಹೆಸರು ಕೇಳಿ ನಗು ತಡೆಯಲಾಗಲಿಲ್ಲ. ಇದರ ಕಂಡಕ್ಟರ್ ಎದ್ದು ಓಡಾಡುವುದಿಲ್ಲ. ಹಿಂಬಾಗಿಲ ಬಳಿ ಕಬ್ಬಿಣದ ಜಾಲರಿಯ ಗೂಡಿನಲ್ಲಿ ಕುಳಿತಿರುತ್ತಾನೆ. ಮುಂದೆ ನಿಂತವರ ನಾಣ್ಯ ಐದಾರು ಕೈ ದಾಟಿ ಅವನಿಗೆ ಹೋಗುತ್ತದೆ, ಚೀಟಿಯೂ ಚಿಲ್ಲರೆಯೂ ಅದೇ ಕೈಗಳಿಂದ ವಾಪಸ್ ಬರುತ್ತವೆ. ಒಮ್ಮೆ ಐನೂರರ ನಾಣ್ಯ ಕೊಟ್ಟು, ಅದು ತಲೆಗಳ ನಡುವೆ ಮಾಯವಾದದ್ದನ್ನೇ ನೋಡುತ್ತ ನಿಂತೆ. ನೂರರ ಮೂರು ನಾಣ್ಯ ಮತ್ತು ಐವತ್ತರ ಒಂದು ನಾಣ್ಯ, ಬೆವರಿಗೆ ಅಂಟಿದ ಚೀಟಿಯೊಂದಿಗೆ, ಅಜ್ಜಿಯೊಬ್ಬರ ಅಂಗೈಯಿಂದ ನನ್ನ ಅಂಗೈಗೆ ಬಂದವು. ಲೆಕ್ಕ ಸರಿಯಿತ್ತು. ಸಂಜೆ ಐದರ ಮೇಲೆ ಮಾತ್ರ ಇದನ್ನು ಹತ್ತುವ ಸಾಹಸ ಬೇಡ. ಬಸ್ಸು ನಿಂತೇ ಇರುತ್ತದೆ, ನೀವೂ ನಿಂತೇ ಇರುತ್ತೀರಿ.

ಕಪ್ಪು-ಹಳದಿ ಟ್ಯಾಕ್ಸಿಗೆ ಮೀಟರಿನ ಗೊಡವೆಯಿಲ್ಲ. ಕಿಟಕಿಯಲ್ಲಿ ಬಗ್ಗಿ, ಕುಶಲ ವಿಚಾರಿಸಿ, ಆಮೇಲೆ ಚೌಕಾಸಿ. ಅಲ್ಲಿನ ಜನರಾಡುವ ಒಲೊಫ್ ಭಾಷೆಯ ಅಂಕಿಗಳನ್ನು ಕಲಿತಿದ್ದ ನನಗೆ ಫ್ರೆಂಚ್ ಬೇಡವೆಂಬ ಹುಮ್ಮಸ್ಸು. ಚಾಲಕ ‘ನ್ಯೇಂತಿ ತೇಮೇರ್’ ಎಂದ. ನಾನೂರು! ಇಷ್ಟು ಅಗ್ಗವೇ ಎಂದು ಬೀಗುತ್ತ ಹತ್ತಿ, ವಾಕಾಮ್‌ನಲ್ಲಿ ಇಳಿದು ನಾನೂರು ಫ್ರಾಂಕ್ ಎಣಿಸಿಕೊಟ್ಟೆ. ಆತ ಸಿಟ್ಟಾಗಲಿಲ್ಲ, ಸ್ಟಿಯರಿಂಗ್ ಮೇಲೆ ಬಾಗಿ ನಕ್ಕ. ಒಲೊಫ್‌ನಲ್ಲಿ ದುಡ್ಡಿನ ಲೆಕ್ಕ ನಡೆಯುವುದು ಐದು ಫ್ರಾಂಕಿನ ‘ದೆರೆಮ್’ನಲ್ಲಿ, ನಾನೂರು ಎಂದರೆ ಎರಡು ಸಾವಿರ. ನಮ್ಮಲ್ಲಿ ನಾಲ್ಕಾಣೆ, ಎಂಟಾಣೆ ಎಂದು ಮಾತನಾಡುತ್ತಿದ್ದ ಹಾಗೆ. ಉಳಿದ ಸಾವಿರದ ಆರುನೂರು ಕೊಟ್ಟೆ, ಮುಖ ಸಣ್ಣದಾಗಿತ್ತು.

ಹಗಲಿಗೆ ತಾತಾ, ರಾತ್ರಿಗೆ ಮತ್ತು ಭಾರ ಇದ್ದಾಗ ಟ್ಯಾಕ್ಸಿ ಎಂದು ಮೂರನೇ ದಿನಕ್ಕೇ ಇತ್ಯರ್ಥವಾಯಿತು. ಕೊನೆಯ ಬೆಳಿಗ್ಗೆ ಗೊರೆ ದ್ವೀಪದ ದೋಣಿ ಹಿಡಿಯಲು ಚೀಲದೊಂದಿಗೆ ಟ್ಯಾಕ್ಸಿ ನಿಲ್ಲಿಸಿದೆ. ಚಾಲಕ ಮುನ್ನೂರು ಎಂದ, ನಾನು ಇನ್ನೂರು ಎಂದೆ, ಇನ್ನೂರೈವತ್ತಕ್ಕೆ ಒಪ್ಪಂದವಾಯಿತು. ಹಿಂದಿನ ಸೀಟಿನಲ್ಲಿ ಕುಳಿತು ಬೆರಳೆಣಿಸುತ್ತ ಐದರಿಂದ ಗುಣಿಸಿ, ಸಾವಿರದ ಇನ್ನೂರೈವತ್ತನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.